ಸೋಸಿದರೆ ಸಿಗದ ಕೊಳೆ

ನಮ್ಮ ಮನೆಯಲ್ಲಿ ಫಿಲ್ಟರ್ ಎಂದರೆ ಮೊದಲು ನೆನಪಿಗೆ ಬರುವುದು ಕಾಫಿ ಫಿಲ್ಟರ್. ಮೇಲಿನ ಪಾತ್ರೆಯಲ್ಲಿ ಪುಡಿ, ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು, ಕೆಳಗಿನ ಪಾತ್ರೆಗೆ ತೊಟ್ಟು ತೊಟ್ಟಾಗಿ ಇಳಿಯುವ ಡಿಕಾಕ್ಷನ್. ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗ ಅಡುಗೆಮನೆ ಕಟ್ಟೆಗೆ ಗಲ್ಲ ಊರಿಕೊಂಡು ಅದನ್ನೇ ನೋಡುತ್ತಿದ್ದ. ಅಕ್ಕನ ಮನೆ ಇರುವುದು ನಮ್ಮ ಬೀದಿಯಲ್ಲೇ. ಆರನೇ ತರಗತಿಯ ಈ ಹುಡುಗ ರಜೆ ಬಂದರೆ ಸಾಕು, ತಿಂಡಿಗೂ ಮೊದಲೇ ಇಲ್ಲಿ ಹಾಜರು. ಅವತ್ತು ಮಾತ್ರ ಮುಖ ಸಣ್ಣದಾಗಿತ್ತು.

"ಚಿಕ್ಕಮ್ಮಾ, ನನ್ನ ಮೀನಿನ ತೊಟ್ಟಿಯ ಫಿಲ್ಟರ್ ಕೆಟ್ಟಿದೆ ಅನ್ಸತ್ತೆ. ನೀರೇನೋ ತಿಳಿಯಾಗಿದೆ. ಆದರೆ ಕಿಟ್‌ನಲ್ಲಿ ನೈಟ್ರೇಟ್ ಪರೀಕ್ಷೆ ಮಾಡಿದರೆ ಕೆಂಪು ಕೆಂಪು ಬರ್ತಿದೆ."

"ಕೆಟ್ಟಿಲ್ಲ ಕಣೋ. ಚೆನ್ನಾಗಿ ಕೆಲಸ ಮಾಡ್ತಿದೆ. ಅದಕ್ಕೇ ಕೆಂಪು ಬಂದಿದೆ."

ನಾನು ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಆದರೆ ನಾನು ಹೇಳಿದ್ದು ನಿಜ. ಆ ನಿಜವನ್ನು ನಂಬಿಸಲು ಕಾಫಿ ಫಿಲ್ಟರನ್ನೇ ತೋರಿಸಿದೆ. ಪುಡಿ ಮೇಲೆ ನಿಂತಿತ್ತು. ಬಣ್ಣ, ಕಹಿ, ಘಮ ಎಲ್ಲವೂ ಕೆಳಗಿಳಿದಿದ್ದವು. ತೂತಿಗಿಂತ ದೊಡ್ಡದು ನಿಲ್ಲುತ್ತದೆ, ನೀರಿನಲ್ಲಿ ಕರಗಿದ್ದು ನೀರಿನ ಜೊತೆಯಲ್ಲೇ ಹೋಗುತ್ತದೆ.

ನೀವೂ ಮಾಡಿ ನೋಡಿ. ಒಂದು ಲೋಟ ನೀರಿಗೆ ಒಂದು ಚಮಚ ರವೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ. ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ರವೆ ಬಟ್ಟೆಯಲ್ಲೇ ಉಳಿಯುತ್ತದೆ. ಕೆಳಗಿಳಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು. ಎಂಟು ಮಡಿಕೆ ಮಾಡಿ, ಹದಿನಾರು ಮಾಡಿ, ಉಪ್ಪು ಹಾಗೇ ಇರುತ್ತದೆ. ನೈಟ್ರೇಟ್ ಕೂಡ ಇದೇ ಬಗೆಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರನ್ನು ಕದಡುವುದಿಲ್ಲ. ಸ್ಪಂಜಿಗೂ ಬಟ್ಟೆಗೂ ಸಿಗುವುದಿಲ್ಲ.

ಹಾಗಾದರೆ ತೊಟ್ಟಿಗೆ ಅದು ಬಂದದ್ದು ಎಲ್ಲಿಂದ?

ಹುಡುಗನ ತೊಟ್ಟಿ ಎರಡಡಿ ಉದ್ದದ್ದು, ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಆರು ಗಪ್ಪಿ ಮೀನು ತಂದು ಬಿಟ್ಟಿದ್ದ. ಗಪ್ಪಿಗಳು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತವೆ, ಅದೂ ತಿಂಗಳಿಗೊಮ್ಮೆ. ಈಗ ಅವನು ಎಣಿಸುವುದನ್ನೇ ಬಿಟ್ಟಿದ್ದಾನೆ. ಅಷ್ಟೂ ಮೀನುಗಳು ತಿನ್ನುತ್ತವೆ, ಹೇಲುತ್ತವೆ, ಉಸಿರಾಡುತ್ತವೆ. ಮೀನಿನ ಉಸಿರಿನದೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮೈಯ ಸಾರಜನಕದ ಕಸ ಮೂತ್ರದಲ್ಲಿ ಹೋದರೆ, ಸಿಹಿನೀರಿನ ಮೀನು ಅದರ ಬಹುಪಾಲನ್ನು ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ಆ ಕಸದ ಹೆಸರು ಅಮೋನಿಯಾ. ತಿನ್ನದೆ ಉಳಿದ ಆಹಾರ ಕೊಳೆತರೂ ಹುಟ್ಟುವುದು ಅಮೋನಿಯಾವೇ. ಹೊರಗೆ ಹೋಗಲು ದಾರಿಯಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಅದು ಸೇರುತ್ತ ಹೋದರೆ ಮೀನಿನ ಕಿವಿರು ಸುಟ್ಟಂತಾಗುತ್ತದೆ.

ಇಲ್ಲಿಗೆ ಫಿಲ್ಟರ್ ಬರುತ್ತದೆ. ಸ್ಪಂಜು ಕಣ್ಣಿಗೆ ಕಾಣುವ ಕೊಳೆ ಹಿಡಿಯುತ್ತದೆ, ಅದು ಸಣ್ಣ ಕೆಲಸ. ದೊಡ್ಡ ಕೆಲಸ ನಡೆಯುವುದು ಸ್ಪಂಜಿನ ಮೈಮೇಲೆ ಅಂಟಿಕೊಂಡ ಲೋಳೆಯಲ್ಲಿ. ಕೈಗೆ ಜಾರುವ ಆ ಲೋಳೆಯ ತುಂಬ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ಆಮ್ಲಜನಕದ ಜೊತೆ ಸೇರಿಸಿ ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ಮೀನಿಗೆ ವಿಷವೇ, ರಕ್ತ ಆಮ್ಲಜನಕ ಹೊರದಂತೆ ಮಾಡಿಬಿಡುತ್ತದೆ. ಇನ್ನೊಂದು ಗುಂಪು ಅದಕ್ಕೆ ಮತ್ತೊಂದು ಆಮ್ಲಜನಕ ಸೇರಿಸಿ ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸಾಧು. ಸ್ವಲ್ಪವಿದ್ದರೆ ಮೀನಿಗೆ ತೊಂದರೆಯಿಲ್ಲ. ಆದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಮುಂದಕ್ಕೆ ಒಯ್ಯುವವರು ಸ್ಪಂಜಿನಲ್ಲಿ ಇಲ್ಲ. ಹಾಗಾಗಿ ದಿನದಿನಕ್ಕೆ ಅದು ಏರುತ್ತಲೇ ಹೋಗುತ್ತದೆ. ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿದಷ್ಟೂ ನೈಟ್ರೇಟ್ ಹೆಚ್ಚು. ನಾನು ಹುಡುಗನಿಗೆ ಹೇಳಿದ್ದು ಇದನ್ನೇ.

ಈ ಲೋಳೆಯೊಳಗಿನ ಗುಟ್ಟು ಮನುಷ್ಯರಿಗೆ ತಿಳಿದ ಕತೆ ನನಗೆ ಬಹಳ ಇಷ್ಟ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಒಂದು ಉದ್ದನೆಯ ಕೊಳವೆಗೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ ಮೇಲಿನಿಂದ ಚರಂಡಿ ನೀರನ್ನು ಮೆಲ್ಲಗೆ ಬಿಟ್ಟರು. ಕೆಳಗೆ ಇಳಿದ ನೀರಿನಲ್ಲಿ ಅಮೋನಿಯಾ ಹಾಗೇ ಇತ್ತು. ದಿನಗಳು ಕಳೆದವು, ಬದಲಾವಣೆಯಿಲ್ಲ. ಸುಮಾರು ಇಪ್ಪತ್ತು ದಿನವಾದ ಮೇಲೆ ಅಮೋನಿಯಾ ಇಳಿಯತೊಡಗಿ ಅದರ ಜಾಗಕ್ಕೆ ನೈಟ್ರೇಟ್ ಬಂತು. ಇದು ಬರೀ ರಸಾಯನ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ? ಇಪ್ಪತ್ತು ದಿನ ಯಾಕೆ ಕಾಯಬೇಕಾಯಿತು? ಅವರು ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು. ಜೀವಿಗಳನ್ನು ಸ್ತಬ್ಧಗೊಳಿಸುವ ವಸ್ತು ಅದು. ನೈಟ್ರೇಟ್ ನಿಂತುಹೋಯಿತು! ಆಮೇಲೆ ತೋಟದ ಮಣ್ಣು ತೊಳೆದ ನೀರನ್ನು ಒಂದಿಷ್ಟು ಹಾಕಿದರು. ಕೆಲವು ದಿನಕ್ಕೆ ಮತ್ತೆ ಶುರುವಾಯಿತು. ಮರಳಿನ ಮೇಲೆ ಯಾರೋ ಬದುಕಿದ್ದಾರೆ, ಈ ಕೆಲಸ ಅವರದು ಎಂದು ಖಚಿತವಾಯಿತು. ಹೊಸ ತೊಟ್ಟಿ ಇಟ್ಟವರಿಗೆ ಮೂರು ನಾಲ್ಕು ವಾರ ತಾಳಿ, ಒಮ್ಮೆಲೇ ಹೆಚ್ಚು ಮೀನು ಬಿಡಬೇಡಿ ಎಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ.

ಇಂಗ್ಲೆಂಡಿನಲ್ಲಿ ಒಬ್ಬ ಅಪ್ಪ, ಒಬ್ಬ ಮಗ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್. ರಸಾಯನ ವಿಜ್ಞಾನಿಯಾಗಿದ್ದ ಅಪ್ಪ 1849ರಲ್ಲಿ ಲಂಡನ್ನಿನಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್ ಫಿಶ್, ಒಂದು ನೀರಗಿಡ ಇಟ್ಟು ನೋಡಿದರು. ಕೊಳೆತ ಎಲೆಯಿಂದ ನೀರು ಕೆಟ್ಟಾಗ ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟರು, ಅವು ಕೊಳೆತದ್ದನ್ನು ತಿಂದವು. ಮೀನು, ಗಿಡ, ಹುಳು ಮೂರೂ ಒಂದನ್ನೊಂದು ಸಾಕಿಕೊಂಡವು. ಇವತ್ತಿನ ಅಕ್ವೇರಿಯಂಗಳಿಗೆ ಅದೊಂದು ಮೊದಲ ಹೆಜ್ಜೆ. ಮಗ ಹುಟ್ಟಿದ್ದು 1838ರಲ್ಲಿ. ಅಂದರೆ ಅಪ್ಪ ಆ ಪಾತ್ರೆಯನ್ನು ನೋಡುತ್ತ ಕೂತಿದ್ದಾಗ ಅವನಿಗೆ ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. ಅವನು ದೊಡ್ಡವನಾಗಿ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರ ಸೇರಿ, ಅಮೋನಿಯಾ ನೈಟ್ರೇಟ್ ಆಗುವುದು ಒಂದೇ ಹೆಜ್ಜೆಯಲ್ಲಲ್ಲ, ಎರಡು ಹೆಜ್ಜೆಯಲ್ಲಿ ಎಂದು ತೋರಿಸಿದ. ಆ ಜೀವಿಗಳನ್ನು ಬೇರ್ಪಡಿಸಲು ವರ್ಷಗಟ್ಟಲೆ ಹೆಣಗಿದ, ಆಗಲಿಲ್ಲ. 1890ರಲ್ಲಿ ಜೂರಿಕ್‌ನಲ್ಲಿದ್ದ ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು. ಅಪ್ಪನ ಮೀನಿನ ಪಾತ್ರೆಯಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಕೆಲಸವನ್ನೇ ಮಗ ಹೊಲದ ಮಣ್ಣಿನಲ್ಲಿ ಹುಡುಕಿದ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಹುಡುಕಾಟ ಇನ್ನೂ ಮುಗಿದಿಲ್ಲ. ಎರಡನೇ ಹೆಜ್ಜೆ ನೈಟ್ರೋಬ್ಯಾಕ್ಟರ್ ಎಂಬ ಜೀವಿಯದು ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಎಂದು 1998ರಲ್ಲಿ ತಿಳಿಯಿತು. 2015ರಲ್ಲಿ ಎರಡೂ ಹೆಜ್ಜೆಯನ್ನು ಒಂಟಿಯಾಗಿಯೇ ಮುಗಿಸುವ ನೈಟ್ರೋಸ್ಪೈರಾ ಸಿಕ್ಕಿತು. ಅದು ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕುವ ವ್ಯವಸ್ಥೆಯ ಫಿಲ್ಟರ್!

ಈಗ ಆ ಕೆಂಪು ಬಣ್ಣಕ್ಕೆ ಬರೋಣ. ಪರೀಕ್ಷೆಯ ಕಿಟ್‌ನಲ್ಲಿ ಎರಡು ಸಣ್ಣ ಬಾಟಲಿಗಳಿರುತ್ತವೆ. ನೈಟ್ರೇಟನ್ನು ನೇರವಾಗಿ ಗುರುತಿಸಲು ಅದರ ಬಣ್ಣದ ಮದ್ದಿಗೆ ಬರುವುದಿಲ್ಲ, ಅದಕ್ಕೆ ಗೊತ್ತಾಗುವುದು ನೈಟ್ರೈಟ್ ಮಾತ್ರ. ಹಾಗಾಗಿ ಒಂದು ಬಾಟಲಿಯಲ್ಲಿ ಸತುವಿನಂಥ ಲೋಹದ ನುಣ್ಣನೆಯ ಪುಡಿ ಇರುತ್ತದೆ. ಅದು ನೈಟ್ರೇಟಿನ ಒಂದು ಆಮ್ಲಜನಕವನ್ನು ಕಿತ್ತುಕೊಂಡು ನೈಟ್ರೈಟ್ ಮಾಡುತ್ತದೆ. ಬ್ಯಾಕ್ಟೀರಿಯಾ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ಇಡಿಸುವುದು ಎನ್ನಿ. ಆ ಪುಡಿ ಬಾಟಲಿಯ ತಳದಲ್ಲಿ ಕೂತುಬಿಟ್ಟಿರುತ್ತದೆ. ಅರ್ಧ ನಿಮಿಷ ಜೋರಾಗಿ ಅಲುಗಾಡಿಸದೆ ಹನಿ ಹಾಕಿದರೆ ನೀರು ಹಳದಿಯಾಗಿಯೇ ಉಳಿಯುತ್ತದೆ. ನೈಟ್ರೇಟ್ ಇಲ್ಲ ಎಂದು ನೀವು ಸುಮ್ಮನೆ ಖುಷಿಪಡುತ್ತೀರಿ. ಹಳದಿ ಅಂದರೆ ಇಲ್ಲ, ಕಿತ್ತಳೆ ಅಂದರೆ ಸ್ವಲ್ಪ, ಕೆಂಪು ಅಂದರೆ ಹೆಚ್ಚು. ಸಾಮಾನ್ಯವಾಗಿ ಮೀನು ಸಾಕುವವರು ಲೀಟರಿಗೆ 20ರಿಂದ 40 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ಕಿಟ್‌ನ ಮದ್ದು ಆಮ್ಲ, ಕೈಗೆ ಕಣ್ಣಿಗೆ ತಾಗಬಾರದು. ದೊಡ್ಡವರು ಪಕ್ಕದಲ್ಲಿರಲಿ.

"ವಾರಕ್ಕೆ ಕಾಲು ಭಾಗ ನೀರು ಬದಲಾಯಿಸ್ತೀನಿ ಚಿಕ್ಕಮ್ಮ. ಆದರೂ ಇಳಿಯಲ್ಲ ಯಾಕೆ?"

ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ತೊಟ್ಟಿಯಲ್ಲಿ 40 ಇದೆ ಅಂತಿಟ್ಟುಕೊಳ್ಳಿ. ಕಾಲು ಭಾಗ ತೆಗೆದು ಶುದ್ಧ ನೀರು ಹಾಕಿದರೆ 30. ಮುಂದಿನ ವಾರದೊಳಗೆ ಮೀನುಗಳು ಮತ್ತೆ 10 ಸೇರಿಸುತ್ತವೆ. ಮತ್ತೆ 40. ಹೋದದ್ದೂ ಬಂದದ್ದೂ ಸಮ. ಅಗುಳಿ ಹಾಕಿದ ಹಾಗೆ ಅಲ್ಲೇ ನಿಲ್ಲುತ್ತದೆ. ಇನ್ನೂ ಇಳಿಸಬೇಕೆಂದರೆ ಹೆಚ್ಚು ನೀರು ಬದಲಾಯಿಸಬೇಕು, ಇಲ್ಲವೇ ಕಡಿಮೆ ಆಹಾರ ಹಾಕಬೇಕು. ಒಂದು ಗ್ರಾಂ ಮೀನಿನ ಆಹಾರದಲ್ಲಿ ನೂರಕ್ಕೆ 40 ಪಾಲು ಪ್ರೋಟೀನ್ ಇದ್ದರೆ, ಅದೆಲ್ಲವೂ ಕೊನೆಗೆ ನೈಟ್ರೇಟ್ ಆಯಿತೆಂದರೆ, ಸುಮಾರು 280 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. 50 ಲೀಟರಿಗೆ ಹಂಚಿದರೆ ಲೀಟರಿಗೆ ಐದೂವರೆ ಮಿಲಿಗ್ರಾಂಗಿಂತ ಹೆಚ್ಚೇ. ಅವನು ಅಕ್ಕರೆಯಿಂದ ಉದುರಿಸುವ ಒಂದೊಂದು ಚಿಟಿಕೆಯೂ ಲೆಕ್ಕಕ್ಕೆ ಬರುತ್ತದೆ.

ಆದರೆ ಅವನ ತೊಟ್ಟಿಯಲ್ಲಿ ಲೆಕ್ಕ ಇನ್ನೂ ಕೆಟ್ಟಿತ್ತು. 40ರಲ್ಲಿ ನಿಲ್ಲಬೇಕಾದದ್ದು 80 ಮುಟ್ಟುತ್ತಿತ್ತು. ಎಲ್ಲೋ ತಪ್ಪಿದೆ ಅನ್ನಿಸಿ, "ಹೋಗಿ ನಿಮ್ಮ ಮನೆ ನಲ್ಲಿಯ ನೀರನ್ನೇ ಒಂದು ಸಲ ಪರೀಕ್ಷೆ ಮಾಡು" ಅಂದೆ. ಹತ್ತು ನಿಮಿಷಕ್ಕೆ ಓಡಿ ಬಂದ. ಕೈಯಲ್ಲಿದ್ದ ಗಾಜಿನ ನಳಿಗೆಯಲ್ಲಿ ಕೆಂಪು ನೀರು. ಬಣ್ಣದ ಪಟ್ಟಿಗೆ ಹಿಡಿದರೆ 40ರ ಹತ್ತಿರ. ಅವನು ಬದಲಾಯಿಸಲು ಸುರಿಯುತ್ತಿದ್ದ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇತ್ತು!

ಇದು ಅವನ ಮನೆಯೊಂದರ ಕತೆಯಲ್ಲ. ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಮುಂದಿದೆ. ಗೊಬ್ಬರ ಹೆಚ್ಚಾಗಿ ಸುರಿದ ಹೊಲ, ಮಳೆಗೆ ನೆನೆಯುವ ತಿಪ್ಪೆ, ಇಂಗುವ ಕಕ್ಕಸು ಗುಂಡಿ, ಸೋರುವ ಒಳಚರಂಡಿ, ಇವುಗಳ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಅದೇ ಎರಡು ಹೆಜ್ಜೆಯಲ್ಲಿ ನೈಟ್ರೇಟ್ ಮಾಡುತ್ತವೆ. ಮಳೆ ನೀರಿನ ಜೊತೆ ಅದು ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತದ ಮಾನಕ. ಅದಕ್ಕಿಂತ ಹೆಚ್ಚಿನ ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನಪುಡಿ ಕಲಸಿ ಎಳೆ ಮಗುವಿಗೆ ಕುಡಿಸಿದರೆ ಅದರ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಕುದಿಸಿದಾಗ ಆವಿಯಾಗುವುದು ನೀರು, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಬಗ್ಗೆ ಅನುಮಾನವಿದ್ದರೆ ಮೀನಿನ ಕಿಟ್ ನೆಚ್ಚಿಕೊಂಡು ಕೂರಬಾರದು, ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಬೇಕು. ಅಕ್ಕನಿಗೂ ಅದನ್ನೇ ಹೇಳಿದೆ.

ನೀರು ಬದಲಾಯಿಸಿ ಪ್ರಯೋಜನವಿಲ್ಲ, ಬಟ್ಟೆಗೆ ಸಿಗುವುದಿಲ್ಲ. ಹಾಗಿದ್ದರೆ ನೈಟ್ರೇಟನ್ನು ತಿನ್ನುವವರನ್ನೇ ಕರೆಯಬೇಕು. ಅವರು ಯಾರು? ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಗೊಬ್ಬರ ತಿನ್ನೋದು ಗಿಡ ಅಂದ. ನಮ್ಮ ಕಿಟಕಿಯ ಸರಳಿಗೆ ಮನಿ ಪ್ಲಾಂಟ್ ಹಬ್ಬಿದೆ. ಬಾಟಲಿ ನೀರಿನಲ್ಲೇ ವರ್ಷಾನುಗಟ್ಟಲೆ ಬದುಕುವ ಬಳ್ಳಿ. ಇಬ್ಬರೂ ಅದನ್ನು ನೋಡಿದೆವು.

ಅಲ್ಲಿಂದ ಎರಡು ಭಾನುವಾರ ನಮ್ಮ ಪಡಸಾಲೆ ಕಾರ್ಖಾನೆಯಾಯಿತು. ನಾವು ಮಾಡಿದ್ದನ್ನು ಹೇಳುತ್ತೇನೆ. ನೀವು ಮಾಡುವುದಾದರೆ ತೂತು ಕೊರೆಯುವುದು, ಕರೆಂಟಿನ ಕೆಲಸ ಎರಡನ್ನೂ ದೊಡ್ಡವರ ಕೈಗೆ ಬಿಡಿ. ಮತ್ತು ಇದನ್ನು ಆಗಲೇ ನಡೆಯುತ್ತಿರುವ ತೊಟ್ಟಿಗೆ ಜೋಡಿಸಿ, ಹಳೆಯ ಸ್ಪಂಜನ್ನು ತೆಗೆಯಬೇಡಿ.

ಹತ್ತು ಲೀಟರ್ ಹಿಡಿಯುವ, ಆಳ ಕಡಿಮೆಯ ಒಂದು ಪ್ಲಾಸ್ಟಿಕ್ ಟಬ್ಬು ತಂದೆವು. ತಳದ ಒಂದು ಮೂಲೆಯಲ್ಲಿ ತೂತು ಕೊರೆದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟ್ಯಾಂಕ್ ನಿಪ್ಪಲ್ ಕೂರಿಸಿದೆವು. ಅದರೊಳಗೆ ಹತ್ತು ಸೆಂಟಿಮೀಟರ್ ಎತ್ತರದ ಪೈಪ್ ತುಂಡು ನೆಟ್ಟಗೆ ನಿಲ್ಲಿಸಿದೆವು. ಟಬ್ಬಿನ ನೀರು ಆ ಪೈಪಿನ ಬಾಯಿವರೆಗೆ ಏರಿ, ಮಿಕ್ಕದ್ದು ಅದರೊಳಗಿನಿಂದ ತೊಟ್ಟಿಗೆ ಇಳಿಯುತ್ತದೆ. ಈ ಪೈಪು ನೀರು ತರುವ ಕೊಳವೆಗಿಂತ ಅಗಲವಾಗಿರಬೇಕು. ನಮ್ಮದು ಬರುವುದು ಅರ್ಧ ಇಂಚು, ಹೋಗುವುದು ಒಂದು ಇಂಚು. ಇದು ತಿರುಗುಮುರುಗಾದರೆ ನೀರು ಉಕ್ಕಿ ಪಡಸಾಲೆ ಕೆರೆಯಾಗುತ್ತದೆ. ಪೈಪಿನ ಸುತ್ತ ಸಣ್ಣ ತೂತುಗಳಿರುವ ಇನ್ನೊಂದು ದಪ್ಪ ಪೈಪ್ ಇಟ್ಟರೆ ಕಲ್ಲು ಒಳಗೆ ಬೀಳುವುದಿಲ್ಲ.

ಟಬ್ಬಿಗೆ ತುಂಬಿದ್ದು ಕಡಲೆಕಾಳು ಗಾತ್ರದ ಜಲ್ಲಿ. ನಮ್ಮ ಕಡೆಯ ಗ್ರಾನೈಟ್ ಜಲ್ಲಿ ಆದೀತು, ಸುಣ್ಣಕಲ್ಲು ಬೇಡ, ಅದು ನೀರನ್ನು ಗಡಸು ಮಾಡುತ್ತದೆ. ಅನುಮಾನವಿದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ. ಜಲ್ಲಿ ತೊಳೆಯುವುದರಲ್ಲೇ ಒಂದು ಭಾನುವಾರ ಹೋಯಿತು. ಅಕ್ಕಿ ತೊಳೆದಂತೆ, ನೀರು ಬೂದು ಬಣ್ಣ ಬಿಡುವುದು ನಿಲ್ಲುವವರೆಗೆ. ಜಲ್ಲಿಯ ಮಟ್ಟ ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿರಬೇಕು. ನೀರು ಬಯಲಿಗೆ ಕಂಡರೆ ಪಾಚಿ ಬರುತ್ತದೆ, ಸೊಳ್ಳೆ ಮೊಟ್ಟೆಯಿಡುತ್ತದೆ. ಡೆಂಗಿ ಇರುವ ಊರಿನಲ್ಲಿ ಇದನ್ನು ಮರೆಯಬಾರದು.

ಕಲ್ಲು, ನೀರು ತುಂಬಿದ ಟಬ್ಬು ಹದಿನೈದು ಕಿಲೋಗೂ ಹೆಚ್ಚು ತೂಗುತ್ತದೆ. ತೊಟ್ಟಿಯ ಗಾಜಿನ ಅಂಚಿನ ಮೇಲೆ ಇಟ್ಟರೆ ಗಾಜು ಬಿರಿಯುತ್ತದೆ. ನಾವು ಪಕ್ಕದಲ್ಲಿ ತೊಟ್ಟಿಗಿಂತ ಎತ್ತರದ ಗಟ್ಟಿ ಮರದ ಸ್ಟೂಲ್ ಇಟ್ಟು ಅದರ ಮೇಲೆ ಕೂರಿಸಿದೆವು. ನೀರೆತ್ತಲು ಅಕ್ವೇರಿಯಂ ಅಂಗಡಿಯ ಸಣ್ಣ ಪಂಪು. ಗಪ್ಪಿ ಮರಿಗಳು ಎಳೆದುಹೋಗದಂತೆ ಅದರ ಬಾಯಿಗೆ ಸ್ಪಂಜಿನ ತುಂಡು. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಗುಂಟ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಬೇಕು, ಪ್ರತಿ ಸಲವೂ.

ಇನ್ನೊಂದು ಪಾಠ ಕರೆಂಟು ಹೋದಾಗ ಸಿಕ್ಕಿತು. ಮೊದಲ ದಿನ ನೀರು ತರುವ ಕೊಳವೆಯ ತುದಿಯನ್ನು ಜಲ್ಲಿಯ ಒಳಗೆ ಹೂತಿದ್ದೆವು. ಕರೆಂಟು ಹೋದದ್ದೇ ತಡ, ಟಬ್ಬಿನ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಹರಿದು ತೊಟ್ಟಿ ತುಳುಕಿತು. ಆಮೇಲೆ ಕೊಳವೆಯ ತುದಿಯನ್ನು ನೀರಿನ ಮಟ್ಟದಿಂದ ನಾಲ್ಕು ಬೆರಳು ಮೇಲೆ ಕಟ್ಟಿದೆವು. ಈಗ ಕರೆಂಟು ಹೋದರೆ ಕೊಳವೆಯೊಳಕ್ಕೆ ಗಾಳಿ ನುಗ್ಗಿ ಹರಿವು ನಿಂತುಬಿಡುತ್ತದೆ. ತೊಟ್ಟಿಯನ್ನೂ ಅಂಚಿನವರೆಗೆ ತುಂಬುವುದನ್ನು ಬಿಟ್ಟೆವು.

ಗಿಡದ ಸರದಿ. ಗೆಣ್ಣು ಇರುವ ಮನಿ ಪ್ಲಾಂಟ್ ತುಂಡುಗಳನ್ನು ಎರಡು ವಾರ ಮೊದಲೇ ಬಾಟಲಿ ನೀರಿನಲ್ಲಿಟ್ಟು ಬೇರು ಬರಿಸಿಕೊಂಡಿದ್ದೆವು. ಕುಂಡದಿಂದ ಕಿತ್ತ ಗಿಡವಾದರೆ ಮಣ್ಣು, ಗೊಬ್ಬರ, ಔಷಧಿಯ ಅಂಶ ಹೋಗುವಂತೆ ಬೇರು ತೊಳೆಯಬೇಕು. ಬೇರು ನೀರೊಳಗೆ, ಎಲೆ ಗಾಳಿಯಲ್ಲಿ. ಎಲೆ ನೀರಿಗೆ ಬಿದ್ದರೆ ಕೊಳೆತು, ತೆಗೆಯಬೇಕಾದದ್ದನ್ನು ತಾನೇ ಸೇರಿಸುತ್ತದೆ. ಮನಿ ಪ್ಲಾಂಟಿನ ರಸದಲ್ಲಿ ಕೆಸುವಿನ ಎಲೆಯಲ್ಲಿರುವಂತೆ ತುರಿಸುವ ಹರಳುಗಳಿವೆ, ಸಣ್ಣ ಮಕ್ಕಳು, ಬೆಕ್ಕು ನಾಯಿ ಅಗಿಯದಂತೆ ನೋಡಿಕೊಳ್ಳಬೇಕು. ಜೊತೆಗೆ ಸಂತೆಯಿಂದ ತಂದ ಪುದೀನ ಸೊಪ್ಪಿನ ನಾಲ್ಕು ಕಡ್ಡಿ ಚುಚ್ಚಿದ ಹುಡುಗ. ನಾಲ್ಕರಲ್ಲಿ ಮೂರು ಬೇರು ಬಿಟ್ಟವು.

ಮೊದಲ ಮೂರು ವಾರ ಏನೂ ಆಗಲಿಲ್ಲ. ಪ್ರತಿ ಭಾನುವಾರ ಅವನು ನಳಿಗೆ ತರುತ್ತಿದ್ದ, ಅದೇ ಕೆಂಪು. ಬೇರು ಹೊಸ ಜಾಗಕ್ಕೆ ಒಗ್ಗಬೇಕು, ಎಲೆ ಚಿಗುರಬೇಕು. ಬೆಳೆಯದ ಗಿಡ ಉಣ್ಣುವುದಿಲ್ಲ. ಟಬ್ಬನ್ನು ಕತ್ತಲ ಮೂಲೆಯಿಂದ ಕಿಟಕಿಯ ಹತ್ತಿರಕ್ಕೆ ಸರಿಸಿದೆವು. ಐದನೇ ವಾರಕ್ಕೆ ಅಂಗೈಯಗಲದ ಎಲೆಗಳು ಬಂದವು. ಎರಡು ತಿಂಗಳಿಗೆ ನಳಿಗೆಯ ನೀರು ಕಿತ್ತಳೆ ಬಣ್ಣಕ್ಕೆ ಇಳಿಯಿತು.

ಹೋದ ನೈಟ್ರೇಟ್ ಎಲ್ಲಿದೆ ಎಂದು ಕೇಳಿದೆ. ಅವನು ಗಿಡದ ಕಡೆ ಕೈ ತೋರಿಸಿದ. ಎಷ್ಟಿದೆ ಅಂದೆ. ಉದ್ದವಾದ ಬಳ್ಳಿಯ ತುದಿಗಳನ್ನು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆವು, 100 ಗ್ರಾಂ. ಹಸಿ ಬಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು ಅಂತಿಟ್ಟುಕೊಂಡರೆ ಒಣಗಿದ ಮೇಲೆ 10 ಗ್ರಾಂ. ಅದರಲ್ಲಿ ನೂರಕ್ಕೆ ಮೂರು ಪಾಲು ಸಾರಜನಕ ಎಂದರೆ 0.3 ಗ್ರಾಂ. ನೈಟ್ರೇಟಿನ 62 ಪಾಲು ತೂಕದಲ್ಲಿ ಸಾರಜನಕ 14 ಪಾಲು ಮಾತ್ರ, ಮಿಕ್ಕದ್ದು ಆಮ್ಲಜನಕ. ಆ ಲೆಕ್ಕದಲ್ಲಿ 0.3 ಗ್ರಾಂ ಸಾರಜನಕ ಬರಬೇಕಾದರೆ ಸುಮಾರು 1.3 ಗ್ರಾಂ ನೈಟ್ರೇಟ್ ಬೇಕು. ಇನ್ನು ತೊಟ್ಟಿ ನೋಡಿ: ಲೀಟರಿಗೆ 40 ಮಿಲಿಗ್ರಾಂ ಇರುವ 50 ಲೀಟರ್ ನೀರಿನಲ್ಲಿರುವ ಒಟ್ಟು ನೈಟ್ರೇಟ್ 2 ಗ್ರಾಂ. ಅವನ ಕೈಯಲ್ಲಿದ್ದ ಆ ಹಿಡಿ ಬಳ್ಳಿ ಇಡೀ ತೊಟ್ಟಿಯ ನೈಟ್ರೇಟಿನ ಅರ್ಧಕ್ಕಿಂತ ಹೆಚ್ಚನ್ನು ಹೊತ್ತಿತ್ತು! ಅವನು ಬಳ್ಳಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮೀನು ತಿಂದದ್ದು, ಬಿಟ್ಟದ್ದು, ಬ್ಯಾಕ್ಟೀರಿಯಾ ಬದಲಾಯಿಸಿದ್ದು ಎಲ್ಲ ಹಸಿರಾಗಿ ಅವನ ಅಂಗೈಯಲ್ಲಿತ್ತು.

ಗಿಡ ಉಂಡದ್ದು ಗಿಡದಲ್ಲೇ ಇರುತ್ತದೆ. ಹಳದಿಯಾದ ಎಲೆ ಉದುರಿ ಟಬ್ಬಿನಲ್ಲೇ ಕೊಳೆತರೆ ಎಲ್ಲವೂ ವಾಪಸು. ಕತ್ತರಿಸಿ ಹೊರಗೆ ತೆಗೆದಾಗಲೇ ಅದು ತೊಟ್ಟಿಯಿಂದ ಹೋದ ಹಾಗೆ. ಈ ಫಿಲ್ಟರಿಗೆ ಕತ್ತರಿಯೂ ಒಂದು ಭಾಗ. ಜಲ್ಲಿಯನ್ನು ಮಾತ್ರ ನಲ್ಲಿ ನೀರಿನಲ್ಲಿ ತೊಳೆಯಬಾರದು. ಕ್ಲೋರಿನ್ ಇದ್ದರೆ ಅದರ ಮೇಲಿನ ಲೋಳೆಯ ಜೀವಿಗಳು ಸಾಯುತ್ತವೆ. ಕೊಳೆ ಕಟ್ಟಿಕೊಂಡರೆ ತೊಟ್ಟಿಯ ನೀರಿನಲ್ಲೇ ಮೆಲ್ಲಗೆ ಅಲುಬಿದರಾಯಿತು.

ನೈಟ್ರೇಟನ್ನು ತೆಗೆಯುವ ಇನ್ನೊಂದು ಗುಂಪಿದೆ. ಅವು ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು. ಉಸಿರಾಡಲು ಆಮ್ಲಜನಕ ಸಿಗದಾಗ ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಉಳಿದ ಸಾರಜನಕವನ್ನು ಗುಳ್ಳೆಯಾಗಿ ಗಾಳಿಗೆ ಬಿಡುತ್ತವೆ. ನಾವು ಉಸಿರಾಡುವ ಗಾಳಿಯ ನೂರಕ್ಕೆ 78 ಪಾಲು ಇದೇ ಸಾರಜನಕ. ಮಂಡ್ಯದ, ಮಲೆನಾಡಿನ ಭತ್ತದ ಗದ್ದೆಯ ಕೆಸರಿನೊಳಗೆ ಈ ಕೆಲಸ ಸದಾ ನಡೆಯುತ್ತಿರುತ್ತದೆ. ನೀರು ನಿಂತ ಗದ್ದೆಗೆ ನೈಟ್ರೇಟ್ ರೂಪದ ಗೊಬ್ಬರ ಹಾಕಿದರೆ ಪೈರಿಗೆ ಸಿಗುವ ಮೊದಲೇ ಬಹಳಷ್ಟು ಗಾಳಿಗೆ ಹಾರಿಹೋಗುತ್ತದೆ, ಅದಕ್ಕೇ ಅಲ್ಲಿ ಅದು ಹೊಂದುವುದಿಲ್ಲ. ಮೀನು ಸಾಕುವ ಕೆಲವರು ಹತ್ತಾರು ಮೀಟರ್ ಉದ್ದದ ಸಪೂರ ಕೊಳವೆಯನ್ನು ಸುರುಳಿ ಸುತ್ತಿ, ಹನಿ ಹನಿಯಾಗಿ ನೀರು ಬಿಟ್ಟು, ಮನೆಯಲ್ಲೇ ಈ ಜೀವಿಗಳನ್ನು ಸಾಕುತ್ತಾರೆ. ಕೊಳವೆಯ ಮೊದಲ ಭಾಗದಲ್ಲೇ ಆಮ್ಲಜನಕ ಖರ್ಚಾಗಿ ಉಳಿದ ಭಾಗ ಇವುಗಳ ಮನೆಯಾಗುತ್ತದೆ. ಹರಿವು ಹೆಚ್ಚಾದರೆ ಕೆಲಸ ನಡೆಯುವುದಿಲ್ಲ. ತೀರಾ ಕಡಿಮೆಯಾದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿ ಹುಟ್ಟುತ್ತದೆ. ಹುಡುಗ ಅದನ್ನೂ ಮಾಡೋಣ ಅಂದ. ನಾನು ಒಪ್ಪಲಿಲ್ಲ. ಗಿಡ ತಪ್ಪಿದರೆ ಎಲೆ ಹಳದಿಯಾಗಿ ನಮಗೆ ಹೇಳುತ್ತದೆ. ಕೊಳವೆಯೊಳಗೆ ತಪ್ಪಿದರೆ ಮೀನು ಸತ್ತ ಮೇಲೆಯೇ ಗೊತ್ತಾಗುವುದು.

ಅದರ ಬದಲು ಅವನನ್ನು ಬೆಂಗಳೂರಿನ ಜಕ್ಕೂರು ಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಸಾಗುತ್ತದೆ. ಜೊಂಡಿನ ಬೇರುಗಳು ಉಣ್ಣುತ್ತವೆ, ಕೆಸರಿನ ಬ್ಯಾಕ್ಟೀರಿಯಾ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದ. "ಚಿಕ್ಕಮ್ಮಾ, ಇದು ನಮ್ಮ ಟಬ್ಬೇ ಅಲ್ವಾ? ಇಷ್ಟು ದೊಡ್ಡದು!" ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ಇಲ್ಲಿ ಕತ್ತರಿಸೋದು ಯಾರು?" ಎಂದು ಕೇಳಿದ.

ಮರುದಿನ ಸೋಮವಾರ. ಶಾಲೆಗೆ ಹೊರಟವನ ಚೀಲದ ಪಕ್ಕದ ಜೇಬಿನಲ್ಲಿ ತೊಳೆದಿಟ್ಟ ಮೂರು ಖಾಲಿ ಬಾಟಲಿಗಳಿದ್ದವು. ಒಂದಕ್ಕೆ ಶಾಲೆಯ ಬೋರ್‌ವೆಲ್ ನೀರು, ಒಂದಕ್ಕೆ ದಾರಿಯಲ್ಲಿ ಸಿಗುವ ಹಳೆಯ ಬಾವಿಯದು. ಮೂರನೆಯದು ಯಾವುದಕ್ಕೆ ಎಂದು ಕೇಳಿದೆ. ಅದಿನ್ನೂ ತೀರ್ಮಾನ ಮಾಡಿಲ್ಲ ಎಂದು ಓಡಿದ.